ಡ್ರಿಲ್ ಮೇಡಂ ಹಡಗು ಹತ್ತಿದರೆ ನಿಮಗೇನು

ಮೊನ್ನೆ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡ್ ಕೇಳಿದ. ಹೆಂಗಸರಿಗೆ ಬಿಟ್ಟಿ ಟಿಕೆಟ್ಟು ಬಂದ ಮೇಲೆ ಬಸ್ಸಿನಲ್ಲಿ ಇದೊಂದು ಶಾಸ್ತ್ರ. ನಾನು ಕಿಟಕಿಯಾಚೆ ನೋಡುತ್ತಲೇ ಬ್ಯಾಗಿನೊಳಗೆ ಕೈಹಾಕಿ, ಸಿಕ್ಕಿದ ಕಾರ್ಡನ್ನು ಅವನ ಕೈಗಿಟ್ಟೆ. ಆತ ಅದನ್ನು ಹಿಂದೆ ಮುಂದೆ ತಿರುಗಿಸಿದ. ನೀಲಿ ಬಣ್ಣದ ಪ್ಲಾಸ್ಟಿಕ್ ಕಾರ್ಡು, ಅದರ ಮೇಲೊಂದು ಹಡಗಿನ ಚಿತ್ರ, ಕೆಳಗೆ ನನ್ನ ಹೆಸರು, ಮೂಲೆಯಲ್ಲಿ ದಾರ ಪೋಣಿಸಲು ಒಂದು ತೂತು.

"ಮೇಡಂ, ಇದು ಯಾವ ಊರಿಂದು?" ಅಂದ.

"ಯಾವ ಊರಿಂದೂ ಅಲ್ಲಪ್ಪ, ಹಡಗಿಂದು. ತಗಾ, ಆಧಾರ್ ಇಲ್ಲೈತೆ."

ಆತ ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ. ಆದರೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಬಿಡಲಿಲ್ಲ. ಮಡಿಲಲ್ಲಿದ್ದ ಸೊಪ್ಪಿನ ಚೀಲವನ್ನು ಕಾಲ ಬಳಿ ಇಳಿಸಿ, ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಹಡಗಂದ್ರೆ ನೀರಾಗೆ ಹೋಗೋದಾ ಮೇಡಂ?"

"ಹೂನವ್ವ."

"ಒಬ್ರೇ ಹೋಗಿದ್ರಾ?"

"ಐದು ಸಲ ಒಬ್ಬಳೇ ಹೋಗೀನಿ. ಆರನೇ ಸಲ ನಮ್ಮಕ್ಕನ್ನ ಕರ್ಕಂಡು ಹೋಗಿದ್ದೆ."

"ಯಾತಕ್ಕೆ ಹೋಗ್ತೀರಿ?"

ಈ "ಯಾತಕ್ಕೆ" ನನಗೆ ಹೊಸದಲ್ಲ. ಹುಡುಗಿಯರಿಗೆ ಕಬಡ್ಡಿ ಯಾತಕ್ಕೆ ಎಂದು ಕೇಳಿದ್ದಾರೆ. ಟೀಚರಮ್ಮನಿಗೆ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಯಾತಕ್ಕೆ ಎಂದು ಕೇಳಿದ್ದಾರೆ. ಮದುವೆ ಯಾತಕ್ಕೆ ಬೇಡ ಎಂದಂತೂ ಊರಿನ ಅರ್ಧ ಜನ ಕೇಳಿದ್ದಾರೆ. ಬಸ್ಸಿನಲ್ಲಿ ಆ ತಾಯಿಗೆ ಉತ್ತರ ಹೇಳುವಷ್ಟರಲ್ಲಿ ಅವಳ ನಿಲ್ದಾಣ ಬಂತು, ಇಳಿದುಹೋದಳು. ಹಾಗಾಗಿ ಉತ್ತರವನ್ನು ನೀವು ಕೇಳಿಸಿಕೊಳ್ಳಬೇಕಾಗಿದೆ.

ನನ್ನ ಹೆಸರು ನಾಗರತ್ನ. ಆ ಹೆಸರು ಹೇಳಿದರೆ ಹೊಳಲ್ಕೆರೆಯಲ್ಲಿ ಯಾರೂ ನನ್ನ ಮನೆ ತೋರಿಸಲಾರರು. ಡ್ರಿಲ್ ಮೇಡಂ ಮನೆ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ಮೂವತ್ತೊಂದು ವರ್ಷ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಓಡುವುದನ್ನೂ ಎಸೆಯುವುದನ್ನೂ ಬಿದ್ದರೆ ಏಳುವುದನ್ನೂ ಕಲಿಸಿದೆ. ತಾಲ್ಲೂಕು ಕ್ರೀಡಾಕೂಟ, ಜಿಲ್ಲಾ ಕ್ರೀಡಾಕೂಟ ಎಂದು ಹಿರಿಯೂರು, ಚಳ್ಳಕೆರೆ, ಹೊಸದುರ್ಗ ಸುತ್ತಿದ್ದೇನೆ. ಬಸ್ಸಿನ ಮೇಲೆ ಜಾವೆಲಿನ್ ಕಟ್ಟಿಸಿಕೊಂಡು, ಸೀಟಿನ ಕೆಳಗೆ ಗುಂಡುಗಳನ್ನು ಉರುಳದಂತೆ ಕಾಲಲ್ಲಿ ಒತ್ತಿ ಹಿಡಿದು ಪ್ರಯಾಣ ಮಾಡಿದ್ದೇನೆ. ಉಳಿದುಕೊಳ್ಳುವುದು ಯಾವುದಾದರೂ ಶಾಲೆಯ ತರಗತಿಯಲ್ಲಿ. ಎರಡು ಬೆಂಚು ಜೋಡಿಸಿದರೆ ಅದೇ ಮಂಚ. ನಡುವಿನ ಸಂದಿಯಲ್ಲಿ ಬೆನ್ನು ಸಿಕ್ಕಿಕೊಂಡು ಬೆಳಿಗ್ಗೆ ಏಳುವಾಗ ಹುಡುಗಿಯರೇ ಇಬ್ಬರು ಹಿಡಿದು ಎತ್ತಬೇಕಾಗುತ್ತಿತ್ತು.

ಸಮುದ್ರವನ್ನು ಮೊದಲು ನೋಡಿದ್ದೂ ಅಂಥದೊಂದು ಕೂಟದಲ್ಲೇ, ಮಂಗಳೂರಿನಲ್ಲಿ. ನೋಡಿದ್ದು ಎಂದರೆ ಸುಳ್ಳಾಗುತ್ತದೆ. ಆಟ ಮುಗಿದ ಮೇಲೆ ಹುಡುಗಿಯರು ಹಟ ಹಿಡಿದು ನನ್ನನ್ನು ದಂಡೆಗೆ ಹೊರಡಿಸಿದರು. ಹದಿನೇಳು ಹುಡುಗಿಯರು. ಒಬ್ಬಳಿಗೂ ಈಜು ಬಾರದು. ನಾನು ಒಂದು ಗಂಟೆ ಪೂರ್ತಿ ಅವರ ತಲೆ ಎಣಿಸಿದೆ. ಹದಿನೇಳು, ಹದಿನಾರು, ಅಯ್ಯೋ ಒಬ್ಬಳು ಎಲ್ಲಿ, ಹಾ ಹದಿನೇಳು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳು ಕೇಳಿದಳು, ಮೇಡಂ, ಸಮುದ್ರ ಯಾವ ಬಣ್ಣ ಇತ್ತು ನೋಡಿದ್ರಾ ಅಂತ. ನನಗೆ ಗೊತ್ತಿರಲಿಲ್ಲ. ಅವರ ರಿಬ್ಬನ್ನುಗಳ ಬಣ್ಣ ಗೊತ್ತಿತ್ತು.

ನಿವೃತ್ತಿಯಾದ ವರ್ಷವೇ ಮುಂಬೈನಿಂದ ಗೋವಾಕ್ಕೆ ಹೋಗಿಬರುವ ಹಡಗಿನ ಟಿಕೆಟ್ಟು ತೆಗೆದೆ. ಯಾರ ತಲೆಯನ್ನೂ ಎಣಿಸದೆ ನೀರು ನೋಡಬೇಕಾಗಿತ್ತು, ಅಷ್ಟೇ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆ.

ಈಗ ಹಡಗಿನ ವಿಷಯ ಹೇಳುತ್ತೇನೆ. ಆರು ಸಲ ಹೋಗಿಬಂದವಳಿಗೆ ಅಷ್ಟು ಅಧಿಕಾರ ಇದೆ.

ಹೊರಡುವ ಮುಂಚೆ ಅಲ್ಲಿ ಒಂದು ಡ್ರಿಲ್ ಮಾಡಿಸುತ್ತಾರೆ. ಹಡಗಿಗೆ ಏನಾದರೂ ಆದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ಟು ಹೇಗೆ ತೊಡಬೇಕು ಎಂದು ತೋರಿಸುವುದು. ನನ್ನ ಮೊದಲ ಹಡಗಿನಲ್ಲಿ ಜನ ಅದನ್ನು ಮದುವೆ ಮನೆಯ ಮೊದಲ ಪಂಕ್ತಿ ಎಂದುಕೊಂಡಿದ್ದರು. ಒಬ್ಬರು ಫೋಟೋ ತೆಗೆಯುತ್ತಿದ್ದರು, ಒಬ್ಬರು ಸಮೋಸ ತಿನ್ನುತ್ತಿದ್ದರು, ಅಧಿಕಾರಿ ಪಾಪ ಗಂಟಲು ಹರಿಯುವಂತೆ ಕೂಗುತ್ತಿದ್ದ. ಆ ಜಾಕೆಟ್ಟಿಗೆ ಒಂದು ವಿಸಿಲ್ ಕಟ್ಟಿರುತ್ತಾರೆ. ವಿಸಿಲ್ ಕೈಗೆ ಸಿಕ್ಕಿದರೆ ನಾನು ನಾನಾಗಿರುವುದಿಲ್ಲ. ಊದಿಬಿಟ್ಟೆ. ಕೈ ಮುಂದೆ ಚಾಚಿ, "ಸಾಲು" ಎಂದೆ, ಕನ್ನಡದಲ್ಲೇ. ಗುಜರಾತಿನವರು, ಮರಾಠಿಗರು, ಬಂಗಾಳದವರು, ಎಲ್ಲರೂ ಸಾಲಾಗಿ ನಿಂತರು. ಅಧಿಕಾರಿ ನನ್ನನ್ನು ಹಡಗಿನ ಸಿಬ್ಬಂದಿಯೇ ಎಂದುಕೊಂಡು, ಮುಂದಿನ ಗುಂಪಿಗೂ ಬನ್ನಿ ಎಂದು ಕರೆದ. ಹೋದೆ.

ನನ್ನ ಕ್ಯಾಬಿನ್ನಿಗೆ ಕಿಟಕಿ ಇರುವುದಿಲ್ಲ. ಕಿಟಕಿ ಇರುವುದಕ್ಕೆ ದುಡ್ಡು ಜಾಸ್ತಿ. ಅಯ್ಯೋ, ಕಿಟಕಿ ಇಲ್ಲದ ಕೋಣೆಯಾ, ಉಸಿರು ಕಟ್ಟಲ್ವಾ ಎಂದು ಕೇಳುತ್ತಾರೆ. ನಮ್ಮ ಅಜ್ಜನ ಮನೆಯಲ್ಲಿ ರಾಗಿ ತುಂಬುವ ಹಗೇವು ಇತ್ತು, ನೆಲದೊಳಗಿನ ಕಣಜ. ಖಾಲಿಯಾದಾಗ ನಾನು ಅದರೊಳಗೆ ಇಳಿದು ಮಲಗಿ ಬೈಸಿಕೊಂಡವಳು. ಹಡಗಿನ ಕ್ಯಾಬಿನ್ನು ಹಾಗೆಯೇ ತಂಪಾಗಿ, ಕತ್ತಲಾಗಿ, ಸಣ್ಣಗೆ ತೂಗುತ್ತ ಇರುತ್ತದೆ. ನೀರು ನೋಡಬೇಕೆನಿಸಿದರೆ ಮೇಲೆ ಅಂಗಳದಷ್ಟು ಜಾಗ ಇದೆ. ಮಲಗುವುದಕ್ಕೆ ಕಿಟಕಿ ಯಾತಕ್ಕೆ, ನಾನೂ ಕೇಳುತ್ತೇನೆ.

ಊಟದ ವಿಷಯದಲ್ಲಿ ಮಾತ್ರ ನನಗೂ ಹಡಗಿಗೂ ಜಗಳ ಇದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿಸಿಟ್ಟೇ ಇರುತ್ತಾರೆ. ಜನ ತಟ್ಟೆಯ ಮೇಲೆ ಜೋಗಿಮಟ್ಟಿ ಗುಡ್ಡ ಕಟ್ಟಿಕೊಂಡು ಬಂದು, ತುದಿ ಮುರಿದು, ಉಳಿದದ್ದನ್ನು ಹಾಗೇ ಬಿಟ್ಟು ಎದ್ದುಹೋಗುತ್ತಾರೆ. ಒಂದು ಸಲ ಎದುರಿಗೆ ಕೂತಿದ್ದ ದಂಪತಿಗೆ ಹೇಳಿಯೇಬಿಟ್ಟೆ, ಹಾಕ್ಕಂಡಿದ್ದು ತಿಂದು ಏಳ್ರಿ ಅಂತ. ಭಾಷೆ ಗೊತ್ತಾಗದಿದ್ದರೂ ಅರ್ಥ ಆಯಿತು, ತಿಂದರು. ನನಗೆ ಅಲ್ಲಿನ ತಿಂಡಿಗಳೆಲ್ಲ ಎರಡೇ ದಿನಕ್ಕೆ ಸಾಕೆನಿಸಿಬಿಡುತ್ತವೆ. ಅದಕ್ಕೇ ಮಂಡಕ್ಕಿ, ಹುರಿಗಡಲೆ, ಶೇಂಗಾ ಚಟ್ನಿಪುಡಿ ಒಯ್ಯುತ್ತೇನೆ. ಸಂಜೆ ಮೇಲಿನ ಅಂತಸ್ತಿನಲ್ಲಿ ಕೂತು ಮಂಡಕ್ಕಿ ಕಲಸುವಾಗ ಈರುಳ್ಳಿ ವಾಸನೆಗೆ ಅಕ್ಕಪಕ್ಕದವರು ಕುರ್ಚಿ ಎಳೆದುಕೊಂಡು ಬರುತ್ತಾರೆ.

ಮೂರನೇ ಪ್ರಯಾಣದಲ್ಲಿ ಚಿತ್ರದುರ್ಗದ ಕಡೆಯದೇ ಒಂದು ಕುಟುಂಬ ಹಡಗಿನಲ್ಲಿತ್ತು. ನನಗೆ ಗೊತ್ತಾಗಲಿಲ್ಲ, ಅವರಿಗೆ ನಾನು ಗೊತ್ತಿದ್ದೆ. ಬೆಳಿಗ್ಗೆ ಮೇಲೆ ಹಾಡು ಹಾಕಿ ಎಲ್ಲರಿಗೂ ಸಾಲಿನಲ್ಲಿ ಕುಣಿತ ಹೇಳಿಕೊಡುತ್ತಾರೆ. ನಾನು ಮುಂದಿನ ಸಾಲಿನಲ್ಲಿದ್ದೆ. ನಾನು ರೈಲಿಳಿಯುವ ಹೊತ್ತಿಗೆ ಅದರ ವಿಡಿಯೋ ನಮ್ಮ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ತಿರುಗುತ್ತಿತ್ತು. ನಮ್ಮ ಹಳೆಯ ಗಣಿತದ ಮೇಷ್ಟ್ರು ಫೋನು ಮಾಡಿದರು.

"ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ಅದು ನೀವೇನಾ?"

"ನಾನೇ ಸಾರ್. ಒಂದು ಕಡೆ ಎಡಗಾಲು ತಪ್ಪೈತೆ, ಅದು ಹಡಗು ಅಲ್ಲಾಡಿದ್ದಕ್ಕೆ."

"ಅಲ್ಲ ಮೇಡಂ, ಈ ವಯಸ್ಸಿಗೆ ಕಾಶಿ ಕೇದಾರ ಅಂತ..."

"ಕಾಶಿಗೆ ಹೋಗಿ ಬಂದೀನಿ ಸಾರ್. ಅಲ್ಲಿ ನೂಕಿಸಿಕೊಂಡು ಬಂದೆ. ಇಲ್ಲಿ ಯಾರೂ ನೂಕಲಿಲ್ಲ."

ಹಡಗು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಸಾವಿರಾರು ಜನ ತಿನ್ನುತ್ತಾರೆ, ನೂರಾರು ಜನ ದುಡಿಯುತ್ತಾರೆ. ನನ್ನ ಕೋಣೆಯ ಹಾಸಿಗೆ ಸರಿ ಮಾಡುತ್ತಿದ್ದ ಹೆಂಗಸು ಏಳು ತಿಂಗಳಿಂದ ಮಕ್ಕಳ ಮುಖ ನೋಡಿರಲಿಲ್ಲ. ಅದನ್ನು ಕೇಳಿದ ಮೇಲೆ ನನ್ನ ಹಾಸಿಗೆಯನ್ನು ನಾನೇ ಹಾಸಿಕೊಂಡೆ. ಅವಳು ನನ್ನ ಹಾಸಿಗೆ ನೋಡಿ, ಮೂಲೆ ಸರಿಯಾಗಿ ಮಡಚಿಲ್ಲ ಎಂದು ಬಿಚ್ಚಿ ಮತ್ತೆ ಹಾಸಿದಳು. ಕೆಲಸ ಗೊತ್ತಿದ್ದವರ ಮುಂದೆ ನಾನು ವಾದ ಮಾಡುವುದಿಲ್ಲ.

ಇನ್ನು ನಮ್ಮಕ್ಕನ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದು ಅದಕ್ಕೇ.

ಅಕ್ಕನ ಹೆಸರು ಗೌರಮ್ಮ, ನನಗಿಂತ ಏಳು ವರ್ಷ ದೊಡ್ಡವಳು. ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಕೊಟ್ಟಿದ್ದು. ನಮ್ಮಪ್ಪ ಮಾರಿಕಣಿವೆಯಲ್ಲಿ ಸೌಡಿಯಾಗಿದ್ದ, ಅಂದರೆ ಕಾಲುವೆಯ ತೂಬು ತೆರೆದು ಹೊಲಗಳಿಗೆ ಸರದಿಯ ಪ್ರಕಾರ ನೀರು ಬಿಡುವ ಕೆಲಸ. ಅಣೆಕಟ್ಟೆಯ ಹತ್ತಿರವೇ ನಮಗೆ ಮನೆ. ಮೀನು ಹಿಡಿಯುವವರೊಬ್ಬರು ಅಪ್ಪನ ಸ್ನೇಹಿತರು, ಒಂದು ದಿನ ಇಬ್ಬರೂ ಹುಡುಗಿಯರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹಿನ್ನೀರು ಸುತ್ತಿಸುತ್ತೇನೆ ಅಂದಿದ್ದರು. ಆ ವಾರವೇ ಅಕ್ಕ ದೊಡ್ಡವಳಾದಳು. ಅವ್ವ ಅವಳನ್ನು ಕಳಿಸಲಿಲ್ಲ. ನಾನೊಬ್ಬಳೇ ಹೋದೆ. ಹರಿಗೋಲು ಗಿರಗಿರ ತಿರುಗಿದಾಗ ನಾನು ಕಿರುಚಿದ್ದು ದಡಕ್ಕೆಲ್ಲ ಕೇಳಿಸಿತಂತೆ. ಮನೆಗೆ ಬಂದು ಎಲ್ಲವನ್ನೂ ಅವಳಿಗೆ ಹೇಳಿದೆ. ಹೊಟ್ಟೆ ಉರಿಸಬೇಕೆಂದೇ ಸ್ವಲ್ಪ ಸೇರಿಸಿಯೂ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: ಮಧ್ಯದಲ್ಲಿ ನಿಂತು ನೋಡಿದರೆ ನಮ್ಮ ಮನೆ ಕಾಣುತ್ತಾ ಅಂತ. ಮೂರು ವರ್ಷಕ್ಕೆ ಅವಳ ಮದುವೆಯಾಯಿತು.

ಈಗ ಅವಳ ಎರಡೂ ಮೊಣಕಾಲು ಹೋಗಿವೆ. ಮನೆಯೊಳಗೆ ವಾಕರ್ ಹಿಡಿದು ನಡೆಯುತ್ತಾಳೆ, ಹೊರಗೆ ಹೋಗುವುದಾದರೆ ಗಾಲಿಕುರ್ಚಿ. ಹೊರಗೆ ಹೋಗುವುದೇ ಇಲ್ಲ ಅನ್ನಿ. ಮಗ ರುದ್ರೇಶ, ಸೊಸೆ ಸುಮಾ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ರುದ್ರೇಶ ತೆಂಗು ನೋಡಿಕೊಳ್ಳುತ್ತಾನೆ, ಹೊಸದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವ್ವನಿಗೆ ಒಂದು ತೊಂದರೆ ಆಗಬಾರದು ಎನ್ನುವವನು. ಆ ಒಳ್ಳೆಯತನದಿಂದಲೇ ಅವಳು ನಾಲ್ಕು ವರ್ಷ ಜಗಲಿಯಿಂದ ಕೆಳಗಿಳಿದಿರಲಿಲ್ಲ.

ನಾನು ಕಾಗದಪತ್ರ ಹಿಡಿದುಕೊಂಡು ಮತ್ತೋಡಿಗೆ ಹೋದೆ. ಮುಂಬೈನಿಂದ ಹೊರಟು, ಕೊಚ್ಚಿಯಲ್ಲಿ ಒಂದು ದಿನ ನಿಂತು, ಲಕ್ಷದ್ವೀಪ ನೋಡಿಕೊಂಡು ಮುಂಬೈಗೆ ವಾಪಸು ಬರುವ ಹಡಗು. ರುದ್ರೇಶ ಕಾಗದ ನೋಡಿ ನಗಲಿಲ್ಲ, ಬೈಯಲೂ ಇಲ್ಲ. ಮಡಚಿ ವಾಪಸು ಕೊಟ್ಟ.

"ಚಿಕ್ಕಮ್ಮ, ಅವ್ವಂಗೆ ಬಚ್ಚಲಿಗೆ ಹೋಗಾಕೆ ಒಬ್ರು ಹಿಡ್ಕಬೇಕು. ನೀವು ಸಮುದ್ರಕ್ಕೆ ಕರ್ಕಂಡು ಹೋಗ್ತೀನಿ ಅಂತೀರಿ."

"ಅದಕ್ಕೇ ಸಮುದ್ರಕ್ಕೆ ಕಣಪ್ಪ. ಬ್ಯಾರೆ ಕಡೆ ಹೋದ್ರೆ ಅವಳು ನಡೀಬೇಕು. ಇಲ್ಲಿ ಅವಳು ಕುಂತ್ರೆ ಸಾಕು, ನೆಲವೇ ಹೋಗ್ತೈತೆ. ಲಿಫ್ಟ್ ಐತೆ, ಗಾಲಿಕುರ್ಚಿ ಹೋಗೋ ಕೋಣೆ ಐತೆ, ಡಾಕ್ಟ್ರು ಅವ್ರೆ."

"ಜನ ಏನಂತಾರೆ?"

"ಜನ ನನಗೆ ಅರವತ್ತು ವರ್ಷದಿಂದ ಅಂತಾನೇ ಅವ್ರೆ. ಅವರಿಗೂ ಸ್ವಲ್ಪ ಹೊಸ ವಿಷಯ ಸಿಗಲಿ ಬಿಡು."

ಸುಮಾ ಕಾಫಿ ತಂದು, ಲಿಂಗಪೂಜೆಗೆ ಏನು ಮಾಡ್ತೀರಿ, ಅತ್ತೆ ಬೆಳಿಗ್ಗೆ ಪೂಜೆ ಆಗದೆ ಬಾಯಿಗೆ ಹನಿ ಹಾಕಲ್ಲ ಎಂದು ಕೇಳಿದಳು. ಹಡಗಿನಾಗೂ ಬೆಳಿಗ್ಗೆ ಆಗ್ತೈತೆ ಅಂದೆ. ಒಂದು ಗಂಟೆ ವಾದ ನಡೆಯಿತು. ಅಕ್ಕ ಅಲ್ಲೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೊನೆಗೆ ರುದ್ರೇಶ, ಏನಾದ್ರೂ ಆದ್ರೆ ನಿಮ್ಮ ಮೇಲೆ ಐತೆ ಚಿಕ್ಕಮ್ಮ ಅಂದ. ಆಗಲಿ ಎಂದೆ. ಗೆದ್ದವಳ ಹಾಗೆ ಎದ್ದು ಬಂದೆ.

ಹಡಗು ಹತ್ತಿದ ದಿನ ಅಕ್ಕನ ಗಾಲಿಕುರ್ಚಿಯನ್ನು ಏಳನೇ ಅಂತಸ್ತಿನ ಕಟಕಟೆಯ ಪಕ್ಕಕ್ಕೆ ನೂಕಿಕೊಂಡು ಹೋದೆ. ದಡ ಹಿಂದೆ ಸರಿಯುತ್ತಿತ್ತು. ಅವಳು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ನೋಡುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ, "ರತ್ನಿ, ಇಷ್ಟೊಂದು ನೀರಿಗೆ ತೂಬೇ ಇಲ್ವೇನೇ?" ಅಂದಳು. ಸೌಡಿಯ ಮಗಳಲ್ಲವೇ.

ಎರಡನೇ ದಿನ ಪೂರ್ತಿ ಸಮುದ್ರದ ಮೇಲೆ. ಗಾಳಿ ಸ್ವಲ್ಪ ಜೋರಿತ್ತು. ಬೆಳಿಗ್ಗೆ ಪೂಜೆಗೆ ಕೂತಾಗ ಹಡಗು ವಾಲಿ ನೀರಿನ ತಂಬಿಗೆ ಉರುಳಿತು. ಅಕ್ಕ ಮತ್ತೆ ಶುರುವಿನಿಂದ ಪೂಜೆ ಮಾಡಿದಳು. ತಿಂಡಿಗೆ ಹೋದಾಗ, ಅಲ್ಲಿ ಎಲ್ಲ ಬಗೆಯ ಅಡುಗೆ ಒಂದೇ ಕಡೆ ಇಟ್ಟಿದ್ದಾರೆ ಎಂದು ಒಂದು ಬಾಳೆಹಣ್ಣು ತಿಂದು ಮಾತ್ರೆ ನುಂಗಿದಳು. ಸಸ್ಯಾಹಾರದ ಕಟ್ಟೆ ಬೇರೆ ಇದೆ ಎಂದು ತೋರಿಸಿದೆ, ಆಮೇಲೆ ನೋಡಾಣ ಎಂದಳು. ಹನ್ನೆರಡರ ಹೊತ್ತಿಗೆ ನಾನು ಅವಳಿಗೆ ಮೇಲಿನ ಕುಣಿತ ತೋರಿಸಲು ಲಿಫ್ಟಿನ ಕಡೆ ನೂಕಿಕೊಂಡು ಹೋಗುತ್ತಿದ್ದೆ. ಏನೋ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಬಗ್ಗಿ ನೋಡಿದರೆ ಕತ್ತು ಒಂದು ಕಡೆ ವಾಲಿತ್ತು.

ಮೂವತ್ತೊಂದು ವರ್ಷ ಮೈದಾನದಲ್ಲಿ ಬಿದ್ದ ಹುಡುಗಿಯರನ್ನು ಎತ್ತಿದವಳು ನಾನು. ಮುಖಕ್ಕೆ ನೀರು, ಕಾಲು ಮೇಲೆ, ಗಾಳಿ ಬಿಡಿ ಎಂದು ಕೂಗುವವಳು. ಅವತ್ತು ನನ್ನ ಕೈ ಗಾಲಿಕುರ್ಚಿಯ ಹಿಡಿಯನ್ನು ಬಿಡಲಿಲ್ಲ. ಯಾರೋ ಓಡಿಬಂದರು, ಅವಳನ್ನು ಕೆಳಗೆ ಆಸ್ಪತ್ರೆಯ ಕೋಣೆಗೆ ಒಯ್ದರು. ನಾನು ಹಿಂದೆ ಹೋದೆ.

ಡಾಕ್ಟರು ಮಧ್ಯವಯಸ್ಸಿನ ಮಲಯಾಳಿ ಹೆಂಗಸು. ಡ್ರಿಪ್ ಹಾಕಿದರು. ಅರ್ಧ ಗಂಟೆಯಲ್ಲಿ ಅಕ್ಕ ಕಣ್ಣು ಬಿಟ್ಟು, ಸೀರೆ ಸರಿಮಾಡಿಕೊಂಡು, ಲಿಂಗದ ಕರಡಿಗೆ ಕೊರಳಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡಳು. ಡಾಕ್ಟರು ನನ್ನನ್ನು ಬಾಗಿಲ ಬಳಿಗೆ ಕರೆದು ಇಂಗ್ಲಿಷಿನಲ್ಲಿ ಕೇಳಿದರು, ನಿನ್ನೆಯಿಂದ ಇವರು ನೀರು ಕುಡಿದೇ ಇಲ್ಲ, ಯಾಕೆ?

ನಾನು ಹೋಗಿ ಅಕ್ಕನನ್ನು ಕೇಳಿದೆ. ಅವಳು ಗೋಡೆಯ ಕಡೆ ತಿರುಗಿದಳು.

"ನೀರು ಕುಡಿದ್ರೆ ಬಚ್ಚಲಿಗೆ ಹೋಗಬೇಕಾಗ್ತೈತೆ. ಒಂದೊಂದು ಸಲಕ್ಕೂ ನೀನು ಎತ್ತಬೇಕು. ನೀನೂ ಹುಡುಗಿ ಅಲ್ಲ."

ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹಡಗಿನಲ್ಲಿ ಲಿಫ್ಟ್ ಇದೆ, ಡಾಕ್ಟರು ಇದ್ದಾರೆ, ದೊಡ್ಡ ಬಾಗಿಲಿನ ಕೋಣೆ ಇದೆ ಎಂದು ರುದ್ರೇಶನ ಮುಂದೆ ಪಟ್ಟಿ ಒಪ್ಪಿಸಿದವಳಿಗೆ ಇದೊಂದು ಹೊಳೆದಿರಲಿಲ್ಲ. ಏನಾದ್ರೂ ಆದ್ರೆ ನಿಮ್ಮ ಮೇಲೆ ಎಂದು ಅವನು ಹೇಳಿದ್ದು ನೆನಪಾಯಿತು. ಕಾಶಿ ಕೇದಾರ ಎಂದ ಗಣಿತದ ಮೇಷ್ಟ್ರೂ ನೆನಪಾದರು. ಅವರೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದ ಹಾಗಾಯಿತು. ಈ ಸಲ ಅವರು ಹೇಳಿದ್ದೇ ಸರಿ ಇರಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು, ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಡಾಕ್ಟರು ಸಂಜೆಗೆ ಕೋಣೆಗೆ ಕಳಿಸಿದರು. ಗಾಬರಿಯೇನಿಲ್ಲ, ಚೆನ್ನಾಗಿ ನೀರು ಕುಡಿಯಲಿ, ತಿನ್ನಲಿ, ಪ್ರಯಾಣ ಮುಂದುವರಿಸಬಹುದು ಎಂದರು. ನಾನು ಕೇಳಿಸಿಕೊಂಡೆ, ಆದರೆ ಒಳಗೆ ಬೇರೆ ನಿರ್ಧಾರ ಮಾಡಿಯಾಗಿತ್ತು. ಬೆಳಿಗ್ಗೆ ಕೊಚ್ಚಿಯ ದಡ ಹತ್ತಿರವಾಗುತ್ತಿದ್ದಂತೆ ಮೊಬೈಲಿಗೆ ಸಿಗ್ನಲ್ ಬಂತು. ಅಕ್ಕ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ನಾನು ಅಲ್ಲೇ ಮಂಚದ ಮೇಲೆ ಕೂತು ರುದ್ರೇಶನಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ಚಿಕ್ಕಮ್ಮ, ನಾನು ಮೊದ್ಲೇ ಹೇಳಿದ್ದೆ. ಕೊಚ್ಚೀಲಿ ಇಳಿಸಿಬಿಡ್ರಿ. ನಾನು ಈಗ್ಲೇ ಕಾರು ತಗಂಡು ಹೊರಡ್ತೀನಿ. ಅಲ್ಲೀಗಂಟ ಯಾವುದಾದ್ರೂ ಲಾಡ್ಜಿನಾಗೆ ಇರ್ರಿ."

"ಹಂಗೇ ಮಾಡ್ತೀನಪ್ಪ. ನಂದೇ ತಪ್ಪು. ಇಳಿಸ್ತೀನಿ."

ಅಕ್ಕ ಕೈ ಚಾಚಿದಳು. ಮಗನ ಜೊತೆ ಮಾತಾಡಿ ಸಮಾಧಾನ ಹೇಳುತ್ತಾಳೆ ಎಂದುಕೊಂಡು ಫೋನು ಕೊಟ್ಟೆ.

"ರುದ್ರ, ಕಾರು ತೆಗೀಬ್ಯಾಡ," ಅಂದಳು. "ನಾನು ಇಳಿಯಲ್ಲ."

ಆ ಕಡೆಯಿಂದ ಅವನು ಏನೇನೋ ಹೇಳುತ್ತಿದ್ದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಆಯ್ತಾ ನಿಂದು? ಈಗ ಕೇಳು. ನೀನು ಹೋಗಬ್ಯಾಡ ಅಂದೆ, ನಿನ್ನ ಚಿಕ್ಕಮ್ಮ ಹೋಗಬೇಕು ಅಂದ್ಳು. ಈಗ ಇಬ್ರೂ ಸೇರ್ಕಂಡು ಇಳಿಸಾಣ ಅಂತೀರಿ. ನಾನು ಇಲ್ಲೇ ಕುಂತೀನಿ, ಒಬ್ರಾದ್ರೂ ನನ್ನ ಕೇಳಿದ್ರಾ? ಹನ್ನೆರಡು ವರ್ಷದೋಳಿದ್ದಾಗ್ಲಿಂದ ನನ್ನ ಪರವಾಗಿ ಬ್ಯಾರೆಯೋರೇ ಮಾತಾಡ್ತಾ ಬಂದ್ರು. ನಿಮ್ಮಪ್ಪ ಮಾತಾಡಿದ್ರು, ನೀನು ಮಾತಾಡಿದೆ, ಈಗ ಇವಳು. ಒಳ್ಳೇದಕ್ಕೇ ಮಾತಾಡಿದ್ರಿ, ಇಲ್ಲ ಅನ್ನಲ್ಲ. ನೀನು ಊಟ ಮಾಡಿ ಅಂಗಡಿಗೆ ಹೋಗು."

ಫೋನನ್ನು ನನ್ನ ಕೈಗೆ ಕೊಡಲಿಲ್ಲ, ಮಂಚದ ಮೇಲಿಟ್ಟಳು. ನನ್ನ ಕಡೆ ತಿರುಗಿದಳು.

"ನೀನು ಇಳಿಯಂಗಿದ್ರೆ ಇಳಿ ರತ್ನಿ. ನಾನಿರ್ತೀನಿ. ನನ್ನ ಹತ್ರಾನೂ ಹಡಗಿನ ಕಾರ್ಡ್ ಐತೆ."

ಊರಿನವರೆಲ್ಲರ ಎದುರು ನಿಂತು ಉತ್ತರ ಕೊಟ್ಟವಳು ನಾನು. ಜಿಲ್ಲಾ ಕೂಟದಲ್ಲಿ ರೆಫ್ರಿಗಳ ಜೊತೆ ಜಗಳವಾಡಿ ಎರಡು ಸಲ ಮೈದಾನದಿಂದ ಹೊರಗೆ ಹಾಕಿಸಿಕೊಂಡವಳು. ಆದರೆ ನನ್ನ ಧೈರ್ಯವೆಲ್ಲ ನನ್ನ ವಿಷಯದಲ್ಲಿತ್ತು, ಅವಳ ವಿಷಯ ಬಂದಾಗ ನಾನೂ ರುದ್ರೇಶನ ಪಕ್ಕದಲ್ಲಿ, ನಮ್ಮವ್ವನ ಪಕ್ಕದಲ್ಲಿ ಹೋಗಿ ನಿಂತಿದ್ದೆ. ಬೇಡ ಅನ್ನುವವರ ಸಾಲಿನಲ್ಲಾಗಲಿ, ಬೇಕು ಅನ್ನುವವರ ಸಾಲಿನಲ್ಲಾಗಲಿ, ನಿಂತದ್ದು ಅವಳಿಗೆ ಬೆನ್ನು ಹಾಕಿಯೇ.

"ನೀರು ಕುಡಿಯಬೇಕಾಗ್ತೈತೆ," ಅಂದೆ ಕೊನೆಗೆ.

"ಕುಡೀತೀನಿ. ನಮ್ಮ ಕೋಣೆ ಕಸ ಗುಡಿಸೋ ಹೆಂಗಸು ನೆನ್ನೆ ಕೇಳಿದ್ಳು, ಬಚ್ಚಲಿಗೆ ನಾನು ಕರ್ಕಂಡು ಹೋಗ್ಲಾ ಅಂತ, ಕೈಸನ್ನೆ ಮಾಡಿ. ನಾನು ಬ್ಯಾಡ ಅಂದಿದ್ದೆ. ಇವತ್ತು ಹೂ ಅಂತೀನಿ."

ತಿಂಡಿಗೆ ಹೋದೆವು. ಅಕ್ಕ ಸಸ್ಯಾಹಾರದ ಕಟ್ಟೆಯ ಮುಂದೆ ಗಾಲಿಕುರ್ಚಿ ನಿಲ್ಲಿಸಿಕೊಂಡು ಪ್ರತಿಯೊಂದರ ಮುಚ್ಚಳ ತೆಗೆಸಿ ನೋಡಿದಳು. ಎರಡು ಇಡ್ಲಿ, ಮೊಸರು ಹಾಕಿಸಿಕೊಂಡಳು. ಸಾಂಬಾರಿಗೆ ಉಪ್ಪು ಕಮ್ಮಿ ಎಂದು ಬಡಿಸುವವನಿಗೆ ಮತ್ತೋಡಿನ ಕನ್ನಡದಲ್ಲಿ ಹೇಳಿದಳು. ಅವನು ತಲೆಯಾಡಿಸಿದ. ಆಮೇಲೆ ಎರಡು ಲೋಟ ನೀರು ಕುಡಿದು, ಖಾಲಿ ಲೋಟವನ್ನು ನನ್ನ ಮುಂದೆ ಬೋರಲು ಹಾಕಿ ತೋರಿಸಿದಳು.

ಕೊಚ್ಚಿ ಬಂದರಿನಲ್ಲಿ ಹಡಗು ನಿಂತಿತು. ಊರು ತೋರಿಸುವ ಬಸ್ಸುಗಳು ಕೆಳಗೆ ಕಾಯುತ್ತಿದ್ದವು. ಎಲ್ಲರೂ ಇಳಿಯುತ್ತಿದ್ದರು. ನಾನು ಅಕ್ಕನ ಪಕ್ಕದಲ್ಲೇ ಕೂತಿರುತ್ತೇನೆ ಎಂದೆ.

"ಯಾತಕ್ಕೆ?" ಅಂದಳು. "ದುಡ್ಡು ಕೊಟ್ಟು ಬಂದೀಯ, ಹೋಗಿ ನೋಡ್ಕಂಡು ಬಾ. ನಾನು ಇಲ್ಲಿ ಕುಂತಿರ್ತೀನಿ. ನೀನು ಪಕ್ಕದಾಗೆ ನಿಂತ್ರೆ ಯಾರೂ ನನ್ನ ಮಾತಾಡಿಸಲ್ಲ, ಎಲ್ರೂ ನಿನ್ನೇ ಮಾತಾಡಿಸ್ತಾರೆ."

ಅದೂ ನಿಜವೇ. ಎರಡು ದಿನದಿಂದ ಜನ, ನಿಮ್ಮಕ್ಕನಿಗೆ ಕಾಫಿ ಬೇಕಾ, ನಿಮ್ಮಕ್ಕನಿಗೆ ಚಳಿಯಾಗುತ್ತಾ ಎಂದು ನನ್ನನ್ನೇ ಕೇಳುತ್ತಿದ್ದರು. ನಾನೇ ಉತ್ತರವನ್ನೂ ಕೊಡುತ್ತಿದ್ದೆ.

ಮೆಟ್ಟಿಲಿಳಿದು ದಕ್ಕೆಯ ಮೇಲೆ ನಿಂತು ತಲೆ ಎತ್ತಿ ನೋಡಿದೆ. ಏಳನೇ ಅಂತಸ್ತಿನ ಕಟಕಟೆಯ ಹಿಂದೆ ಅಕ್ಕನ ಹಸಿರು ಸೀರೆ ಕಂಡಿತು. ಕೈ ಬೀಸಿದೆ. ಅವಳು ನೋಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಯಾರೋ ಬಾಬ್‌ಕಟ್ಟಿನ ವಯಸ್ಸಾದ ಹೆಂಗಸು ಬಂದು ಕೂತಿದ್ದರು. ಅಕ್ಕ ಅವರಿಗೆ ನೀರಿನ ಕಡೆ ಕೈ ತೋರಿಸಿ ಏನೋ ದೊಡ್ಡದಾಗಿ ವಿವರಿಸುತ್ತಿದ್ದಳು. ಅವರೂ ಕೈ ತೋರಿಸಿ ಉತ್ತರ ಹೇಳುತ್ತಿದ್ದರು. ಆ ಹೆಂಗಸಿಗೆ ಒಂದಕ್ಷರ ಕನ್ನಡ ಬರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಇನ್ನೊಂದು ಸಲ, ಎರಡೂ ಕೈ ಎತ್ತಿ ಜೋರಾಗಿ ಬೀಸಿದೆ. ಇಲ್ಲ, ಅವಳಿಗೆ ನನ್ನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಬಸ್ಸಿನವನು ಹಾರ್ನ್ ಹೊಡೆದ. ಹೋಗಿ ಹತ್ತಿ ಕೂತೆ.